ಕಟ್ಟಡದ ಮೇಲಿನ ಹೆಸರು

ಹೋದ ವರ್ಷ ಮಳೆಗಾಲದ ಒಂದು ದಿನ, ಬೆಳಗಿನ ಮೊದಲ ಬಸ್ಸಿಗೆ ನಾನು, ನಮ್ಮ ಚಿಕ್ಕಮ್ಮ ಮತ್ತು ಅವರ ಮಗ ಸೂಲಿಬೆಲೆಯಿಂದ ಹೊಸಕೋಟೆಗೆ ಹೊರಟೆವು. ಊರಲ್ಲಿ ಯಾರಾದರೂ ಕೇಳಿದರೆ ಕಣ್ಣಿನ ಆಸ್ಪತ್ರೆಗೆ ಅಂತ ಹೇಳಬೇಕೆಂದು ಚಿಕ್ಕಮ್ಮ ಮೊದಲೇ ತಾಕೀತು ಮಾಡಿದ್ದರು. ನಾವು ಹೊರಟಿದ್ದು ನಿಮ್ಹಾನ್ಸ್‌ಗೆ. ಅವತ್ತು ನನಗೆ ಕಾಲೇಜಿನಲ್ಲಿ ಇಂಟರ್ನಲ್ಸ್ ಇತ್ತು. ಬಿಟ್ಟೆ.

ನನ್ನ ತಮ್ಮನಿಗೆ ಆಗ ಹನ್ನೆರಡು ವರ್ಷ. ಚಿಕ್ಕಪ್ಪ ಹೈವೇಯಲ್ಲಿ ಅಪಘಾತಕ್ಕೆ ಸಿಕ್ಕಿ ತೀರಿಕೊಂಡ ಮೇಲೆ ಅವನು ನಿಧಾನವಾಗಿ ಮಾತು ಬಿಟ್ಟ. ಮೊದಮೊದಲು ಎಲ್ಲರೂ ದುಃಖ ಎಂದುಕೊಂಡೆವು. ಆಮೇಲೆ ಊಟ ಕಡಿಮೆಯಾಯಿತು, ರಾತ್ರಿ ನಿದ್ದೆ ಹೋಯಿತು. ಇದ್ದಕ್ಕಿದ್ದಂತೆ ಕೂಗಿಕೊಂಡು ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವುದು, ತನ್ನ ಕೈಯನ್ನೇ ಕಚ್ಚಿಕೊಳ್ಳುವುದು ಶುರುವಾಯಿತು. ಶಾಲೆಯವರು ಹುಡುಗ ಸರಿಹೋದ ಮೇಲೆ ಕಳಿಸಿ ಎಂದರು. ಅಜ್ಜಿ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು, ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತರು. ಅಜ್ಜಿಯದು ತಪ್ಪು ಅಂತ ನಾನು ಹೇಳುವುದಿಲ್ಲ. ಅವರಿಗೆ ಗೊತ್ತಿದ್ದ ದಾರಿ ಅದೊಂದೇ. ಬಿಇ ಮೂರನೇ ವರ್ಷ ಓದುತ್ತಿದ್ದ ನನಗೂ ಬೇರೆ ದಾರಿ ಗೊತ್ತಿರಲಿಲ್ಲ. ಸರ್ಕಾರಿ ಆಸ್ಪತ್ರೆಯ ನರ್ಸ್ ಒಬ್ಬರು ಹೇಳಿದ ಮೇಲೆಯೇ ನಾವು ಹೊರಟಿದ್ದು.

ಹೊಸೂರು ರಸ್ತೆಯ ಆ ಕ್ಯಾಂಪಸ್ ನಾನು ಊಹಿಸಿಕೊಂಡಂತೆ ಇರಲಿಲ್ಲ. ಸಿನಿಮಾದಲ್ಲಿ ತೋರಿಸುವ ಕಬ್ಬಿಣದ ಸರಳುಗಳ ಬದಲು ದೊಡ್ಡ ದೊಡ್ಡ ಮರಗಳಿದ್ದವು, ಚೀಟಿ ಹಿಡಿದು ಕಾಯುವ ಜನರಿದ್ದರು. ಕಾಯುವಾಗ ಸುಮ್ಮನೆ ಓಡಾಡುತ್ತಿದ್ದ ನನಗೆ ಒಂದು ಕಟ್ಟಡದ ಮೇಲೆ ಡಾ. ಎಂ.ವಿ. ಗೋವಿಂದಸ್ವಾಮಿ ಎಂಬ ಹೆಸರು ಕಂಡಿತು. ಯಾರೋ ದಾನಿ ಇರಬೇಕು ಎಂದುಕೊಂಡೆ. ತಮ್ಮ ಅಲ್ಲಿ ದಾಖಲಾದ ಮೇಲೆ, ವಾರಕ್ಕೆರಡು ಸಲ ಬಟ್ಟೆ-ಬುತ್ತಿ ಒಯ್ಯುವಾಗ ಆ ಹೆಸರು ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಕೊನೆಗೆ ಲೈಬ್ರರಿಯಲ್ಲಿ ಕೂತು ಹುಡುಕಿದೆ. ಸಿಕ್ಕ ಕತೆಯನ್ನು ನಿಮ್ಮ ಮುಂದಿಡಬೇಕು ಅನ್ನಿಸಿತು.

ಅವರಿಗಿಂತ ಮೊದಲು

ಬೆಂಗಳೂರಿನಲ್ಲಿ ಮಾನಸಿಕ ರೋಗಿಗಳಿಗೆಂದು ಒಂದು ಸರ್ಕಾರಿ ಜಾಗ 19ನೇ ಶತಮಾನದ ನಡುವಿನಿಂದಲೇ ಇತ್ತು. ಆಗ ಅದಕ್ಕಿದ್ದದ್ದು ಹುಚ್ಚಾಸ್ಪತ್ರೆ ಎಂಬ ಅರ್ಥದ ಹೆಸರು. ಬೀದಿಯಲ್ಲಿ ಅಲೆಯುವವರನ್ನು, ಮನೆಯವರಿಗೆ ಸಂಭಾಳಿಸಲು ಆಗದವರನ್ನು ತಂದು ಇರಿಸುವುದೇ ಅಂಥ ಜಾಗಗಳ ಮುಖ್ಯ ಕೆಲಸ. ಮೈಸೂರು ಸಂಸ್ಥಾನ 1925ರಲ್ಲಿ ಆ ಹೆಸರನ್ನು ತೆಗೆದು ಮಾನಸಿಕ ಆಸ್ಪತ್ರೆ ಎಂದು ಕರೆಯಿತು. ಹೆಸರು ಬದಲಾದರೆ ಏನಾಯಿತು ಎಂದು ಕೇಳಬಹುದು. ಕಣ್ಣಿನ ಆಸ್ಪತ್ರೆ ಎಂದು ಸುಳ್ಳು ಹೇಳಿ ಬಸ್ ಹತ್ತಿದ ನಮಗೆ ಹೆಸರಿನ ಭಾರ ಎಷ್ಟು ಎಂದು ಗೊತ್ತು.

ಆಗ ಆಸ್ಪತ್ರೆಯ ಮುಖ್ಯಸ್ಥರಾಗಿದ್ದವರು ಡಾ. ಫ್ರಾಂಕ್ ನರೋನ್ಹಾ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1930ರ ದಶಕದಲ್ಲಿ, ಆಸ್ಪತ್ರೆ ಪೇಟೆಯ ಇಕ್ಕಟ್ಟಿನಿಂದ ಹೊಸೂರು ರಸ್ತೆಯ ವಿಶಾಲ ಜಾಗಕ್ಕೆ ಬಂತು. ನರೋನ್ಹಾ ಅವರ ನಂತರ, ಅದೇ ದಶಕದ ಕೊನೆಯಲ್ಲಿ, ಆಸ್ಪತ್ರೆಯ ಹೊಣೆ ಹೊತ್ತವರೇ ಗೋವಿಂದಸ್ವಾಮಿ.

ಎರಡು ದಾರಿಯ ಓದು

ಗೋವಿಂದಸ್ವಾಮಿಯವರ ಬಗ್ಗೆ ಓದುತ್ತ ನನಗೆ ಮೊದಲು ಹಿಡಿಸಿದ್ದು ಅವರ ಓದಿನ ರೀತಿ. ವೈದ್ಯಕೀಯದಲ್ಲಿ ಎಷ್ಟು ಆಸಕ್ತಿಯೋ ಮನಃಶಾಸ್ತ್ರದಲ್ಲಿ, ಭಾರತೀಯ ತತ್ವಶಾಸ್ತ್ರದಲ್ಲಿ ಅಷ್ಟೇ ಆಸಕ್ತಿ. ಮನಸ್ಸು ಎಂದರೇನು ಎಂದು ತತ್ವಜ್ಞಾನಿ ಕೇಳುವ ಪ್ರಶ್ನೆಯನ್ನು ಅವರು ವೈದ್ಯರಾಗಿ ವಾರ್ಡಿನಲ್ಲಿ ನಿಂತು ಕೇಳಿದರು. ಸೈನ್ಸ್ ತೆಗೆದುಕೊಂಡವನು ಆರ್ಟ್ಸ್ ಪುಸ್ತಕ ಮುಟ್ಟಬಾರದು ಎನ್ನುವ ವಾತಾವರಣದಲ್ಲಿ ಪಿಯುಸಿ ಮುಗಿಸಿ ಬಂದ ನಮಗೆ ಇದು ವಿಚಿತ್ರ ಅನ್ನಿಸುತ್ತದೆ. ಆದರೆ ಮುಂದೆ ಅವರು ಕಟ್ಟಿದ ಸಂಸ್ಥೆಯ ಬೀಜ ಇರುವುದು ಈ ಎರಡು ದಾರಿಯ ಓದಿನಲ್ಲೇ.

ಅವರು ತರಬೇತಿಗೆ ಹೋಗಿದ್ದು ಆ ಕಾಲದ ಎರಡು ದೊಡ್ಡ ಕೇಂದ್ರಗಳಿಗೆ. ಒಂದು ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್. ಅಲ್ಲಿ ಮನೋವೈದ್ಯ ವಿಭಾಗದ ಮುಖ್ಯಸ್ಥರಾಗಿದ್ದವರು ಅಡಾಲ್ಫ್ ಮೇಯರ್. ಕಾಯಿಲೆಯ ಹೆಸರು ಹುಡುಕುವ ಮೊದಲು ಮನುಷ್ಯನ ಬದುಕನ್ನು ಓದಿ ಎನ್ನುವುದು ಮೇಯರ್ ಅವರ ಪಾಠ. ರೋಗಿ ಹುಟ್ಟಿದ ವರ್ಷದಿಂದ ಹಿಡಿದು ಯಾವ ವಯಸ್ಸಿನಲ್ಲಿ ಏನಾಯಿತು, ಮನೆಯಲ್ಲಿ ಯಾರು ಸತ್ತರು, ಶಾಲೆ ಯಾವಾಗ ಬಿಟ್ಟಿತು, ದೇಹಕ್ಕೆ ಯಾವ ಕಾಯಿಲೆ ಬಂತು, ಎಲ್ಲವನ್ನೂ ಒಂದೇ ಹಾಳೆಯಲ್ಲಿ ವರ್ಷವಾರು ಬರೆಯುವ ಪದ್ಧತಿ ಅವರದು. ಅವರ ಹೆಂಡತಿ ಮೇರಿ ಮೇಯರ್ ರೋಗಿಗಳ ಮನೆಗೇ ಹೋಗಿ ಮನೆಯವರೊಂದಿಗೆ ಮಾತಾಡಿ ಬರುತ್ತಿದ್ದರು. ಅದೇ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ 1930ರಲ್ಲಿ ಲಿಯೋ ಕ್ಯಾನರ್ ಮಕ್ಕಳ ಮನೋವೈದ್ಯಕೀಯ ಕ್ಲಿನಿಕ್ ಶುರು ಮಾಡಿದರು. ಆಟಿಸಂ ಬಗ್ಗೆ 1943ರಲ್ಲಿ ಹೆಸರಾಂತ ಪ್ರಬಂಧ ಬರೆದವರೂ ಇದೇ ಕ್ಯಾನರ್. ಮಗು ಎಂದರೆ ಚಿಕ್ಕ ಅಳತೆಯ ದೊಡ್ಡವನಲ್ಲ, ಅದರ ಮನಸ್ಸಿನ ಕಾಯಿಲೆಗೆ ಬೇರೆಯದೇ ಕಣ್ಣು ಬೇಕು ಎಂಬ ತಿಳಿವಳಿಕೆ ಆಗಿನ್ನೂ ಮೊಳಕೆಯೊಡೆಯುತ್ತಿತ್ತು.

ಇನ್ನೊಂದು ಕೇಂದ್ರ ಲಂಡನ್ನಿನ ಮೌಡ್ಸ್ಲಿ ಆಸ್ಪತ್ರೆ. ಅದು ಲಂಡನ್ ಕೌಂಟಿ ಕೌನ್ಸಿಲ್ ನಡೆಸುತ್ತಿದ್ದ ಸಾರ್ವಜನಿಕ ಆಸ್ಪತ್ರೆ. ಹುಚ್ಚ ಎಂಬ ಸರ್ಟಿಫಿಕೇಟ್ ಇಲ್ಲದೆ ತಾವಾಗಿಯೇ ಬಂದವರಿಗೆ ಅಲ್ಲಿ ಚಿಕಿತ್ಸೆ ಸಿಗುತ್ತಿತ್ತು, ಮಕ್ಕಳನ್ನೂ ನೋಡುತ್ತಿದ್ದರು. ಅದೇ ಹೊತ್ತಿಗೆ ನಮ್ಮ ದೇಶದಲ್ಲಿಯೂ ಒಂದು ಹೆಜ್ಜೆ ಬಿದ್ದಿತ್ತು. ಮುಂದೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎಂದು ಹೆಸರಾದ ಮುಂಬೈಯ ಶಾಲೆ 1937ರಲ್ಲಿ ಮಕ್ಕಳ ಮಾರ್ಗದರ್ಶನ ಕ್ಲಿನಿಕ್ ತೆರೆದಿತ್ತು. ಆದರೆ ದೇಶದ ಬಹುಪಾಲು ಊರುಗಳಲ್ಲಿ ನನ್ನ ತಮ್ಮನಂಥ ಹುಡುಗನಿಗೆ ಇದ್ದದ್ದು ಮನೆಯ ಕತ್ತಲ ಕೋಣೆ ಮಾತ್ರ.

ಔಷಧವಿಲ್ಲದ ಕಾಲ

ಗೋವಿಂದಸ್ವಾಮಿ ಬೆಂಗಳೂರಿನಲ್ಲಿ ಕೆಲಸ ಶುರು ಮಾಡಿದಾಗ, ಇವತ್ತು ಮನೋವೈದ್ಯರು ಬರೆದುಕೊಡುವ ಮಾತ್ರೆಗಳಲ್ಲಿ ಹೆಚ್ಚುಕಡಿಮೆ ಒಂದೂ ಇರಲಿಲ್ಲ. ಸ್ಕಿಜೋಫ್ರೇನಿಯಾಕ್ಕೆ ಮೊದಲ ಪರಿಣಾಮಕಾರಿ ಔಷಧ ಕ್ಲೋರ್‌ಪ್ರೊಮಜೀನ್ ಬಂದದ್ದು 1952ರಲ್ಲಿ. ಅಲ್ಲಿಯವರೆಗೆ ವೈದ್ಯರ ಕೈಯಲ್ಲಿದ್ದದ್ದು ಯೂರೋಪಿನಿಂದ ಬರುತ್ತಿದ್ದ ಹೊಸ ಹೊಸ, ಒರಟು ಚಿಕಿತ್ಸೆಗಳು. ಬುಡಾಪೆಸ್ಟ್‌ನ ಮೆಡುನಾ 1934ರಲ್ಲಿ ಔಷಧ ಚುಚ್ಚಿ ರೋಗಿಗೆ ಫಿಟ್ಸ್ ಬರಿಸುವ ವಿಧಾನ ಕಂಡುಹಿಡಿದಿದ್ದರು. ಆ ಔಷಧದ ಹೆಸರು ಕಾರ್ಡಿಯಜಾಲ್. ಗೋವಿಂದಸ್ವಾಮಿ ಅದನ್ನು ಬೆಂಗಳೂರಿನಲ್ಲಿ ಬಳಸಿ, ಫಲಿತಾಂಶವನ್ನು 1939ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಲ್ಯುಕಾಟಮಿ ಶಸ್ತ್ರಚಿಕಿತ್ಸೆಯನ್ನು ಶಸ್ತ್ರವೈದ್ಯ ಡಾ. ಬಿ.ಎನ್. ಬಾಲಕೃಷ್ಣ ರಾವ್ ಅವರೊಂದಿಗೆ 1940ರ ದಶಕದ ಮೊದಲ ವರ್ಷಗಳಲ್ಲಿ ಮಾಡಿದರು. ಅದರ ವರದಿ 1944ರಲ್ಲಿ ಅದೇ ಪತ್ರಿಕೆಯಲ್ಲಿ ಬಂತು.

ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ತಮ್ಮ ಮಲಗಿದ್ದ ಆಸ್ಪತ್ರೆಯ ಹಿರಿಯರೊಬ್ಬರು ಮಿದುಳು ಕತ್ತರಿಸುವ ಚಿಕಿತ್ಸೆ ಮಾಡಿಸಿದ್ದರು ಎಂಬುದನ್ನು ಹೇಗೆ ಅರ್ಥ ಮಾಡಿಕೊಳ್ಳುವುದು? ಲ್ಯುಕಾಟಮಿ ಕಂಡುಹಿಡಿದ ಪೋರ್ಚುಗಲ್‌ನ ಮೋನಿಜ್‌ಗೆ 1949ರಲ್ಲಿ ನೊಬೆಲ್ ಬಂತು. ಔಷಧಗಳು ಬಂದ ಮೇಲೆ ಆ ಶಸ್ತ್ರಚಿಕಿತ್ಸೆಯನ್ನು ಜಗತ್ತು ಕೈಬಿಟ್ಟಿತು. ಎಷ್ಟೋ ರೋಗಿಗಳ ವ್ಯಕ್ತಿತ್ವವೇ ಅದರಿಂದ ಮಂಕಾಗಿತ್ತು. ಗೋವಿಂದಸ್ವಾಮಿಯವರನ್ನು ದೇವರು ಮಾಡಲು ಹೊರಟರೆ ಈ ಅಧ್ಯಾಯವನ್ನು ಮುಚ್ಚಿಡಬೇಕಾಗುತ್ತದೆ. ನನಗೆ ಅದು ಬೇಡ. ವರ್ಷಗಟ್ಟಲೆ ಕೂಗುತ್ತ, ಊಟ ಬಿಟ್ಟು ಸವೆಯುವ ರೋಗಿಗಳ ಮುಂದೆ ಕೈಯಲ್ಲಿ ಏನೂ ಇಲ್ಲದೆ ನಿಂತ ವೈದ್ಯ, ಆ ಕಾಲದ ವಿಜ್ಞಾನ ಕೊಟ್ಟದ್ದನ್ನು ಪ್ರಯತ್ನಿಸಿದರು. ಪ್ರಯತ್ನಿಸಿ, ಬೇರೆ ವೈದ್ಯರು ಓದಿ ಪ್ರಶ್ನಿಸಬಹುದಾದ ಪತ್ರಿಕೆಯಲ್ಲಿ ಬರೆದರು. ಲ್ಯಾಬ್‌ನಲ್ಲಿ ತಪ್ಪು ರೀಡಿಂಗ್ ಬಂದರೆ ಅಳಿಸಿ ಪಕ್ಕದವನ ರೆಕಾರ್ಡ್ ನೋಡಿ ಬರೆಯುವ ನಮಗೆ ಇದರಲ್ಲಿ ಒಂದು ಪಾಠ ಇದೆ. ಬರೆದಿಟ್ಟ ತಪ್ಪನ್ನು ಮುಂದಿನವರು ತಿದ್ದಬಹುದು, ಅಳಿಸಿದ್ದನ್ನು ತಿದ್ದಲಾಗದು.

ಕೊರತೆ ಇದ್ದದ್ದು ಮನುಷ್ಯರದು

ಸ್ವಾತಂತ್ರ್ಯಕ್ಕೆ ಮೊದಲು ದೇಶದ ಆರೋಗ್ಯ ವ್ಯವಸ್ಥೆಯ ಲೆಕ್ಕ ಹಾಕಲು ಜೋಸೆಫ್ ಭೋರ್ ಸಮಿತಿ ರಚನೆಯಾಯಿತು. ಅದರ ವರದಿ ಬಂದದ್ದು 1946ರಲ್ಲಿ. ಅಷ್ಟು ದೊಡ್ಡ ದೇಶಕ್ಕೆ ಮಾನಸಿಕ ಆಸ್ಪತ್ರೆಗಳಲ್ಲಿ ಇದ್ದದ್ದು ಸುಮಾರು 10 ಸಾವಿರ ಹಾಸಿಗೆ. ಅದಕ್ಕಿಂತ ದೊಡ್ಡ ಕೊರತೆ ತರಬೇತಾದ ಜನರದು. ಮನೋವೈದ್ಯರಾಗಬೇಕಾದರೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಬೇಕಿತ್ತು. ಎಷ್ಟು ಜನ ಹೋಗಿಯಾರು? ದೇಶದೊಳಗೇ ತರಬೇತಿ ಕೊಡುವ ಸಂಸ್ಥೆ ಬೇಕೆಂದು ಸಮಿತಿ ಹೇಳಿತು.

ಆ ಮಾತು ಕಾರ್ಯಕ್ಕೆ ಬಂದದ್ದು 1954ರಲ್ಲಿ. ಕೇಂದ್ರ ಸರ್ಕಾರ ಮತ್ತು ಮೈಸೂರು ಸರ್ಕಾರ ಸೇರಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಆರಂಭಿಸಿದವು. ಅದರ ಮೊದಲ ನಿರ್ದೇಶಕರು ಗೋವಿಂದಸ್ವಾಮಿ. ಮರುವರ್ಷವೇ ಡಿಪ್ಲೊಮಾ ತರಗತಿಗಳು ಶುರುವಾದವು. ವೈದ್ಯರಿಗೊಂದು ಕೋರ್ಸ್, ಮನಃಶಾಸ್ತ್ರ ಓದಿದವರಿಗೊಂದು ಕೋರ್ಸ್. ಇಲ್ಲಿಯೇ ಅವರ ಎರಡು ದಾರಿಯ ಓದು ಕೆಲಸಕ್ಕೆ ಬಂದದ್ದು. ಮನಸ್ಸಿನ ಕಾಯಿಲೆಗೆ ವೈದ್ಯ ಒಬ್ಬರೇ ಸಾಲದು, ಮನಃಶಾಸ್ತ್ರಜ್ಞರು ಬೇಕು, ತರಬೇತಾದ ನರ್ಸ್‌ಗಳು ಬೇಕು, ಮನೆಯವರ ಜೊತೆ ಕೂತು ಮಾತಾಡುವವರು ಬೇಕು ಎಂಬ ವ್ಯವಸ್ಥೆ ಆ ಕ್ಯಾಂಪಸ್‌ನಲ್ಲಿ ಬೇರು ಬಿಟ್ಟಿತು.

ಗೋವಿಂದಸ್ವಾಮಿ 1961ರಲ್ಲಿ ತೀರಿಕೊಂಡರು. ಅವರು ಶುರು ಮಾಡಿದ ಸಂಸ್ಥೆಯೂ ಹಳೆಯ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆದದ್ದನ್ನು ಅವರು ನೋಡಲಿಲ್ಲ. ಅಲ್ಲಿ ಕಲಿತವರು, ಕಲಿಸಿದವರು 1970ರ ದಶಕದಲ್ಲಿ ಸಕಲವಾರದಂಥ ಹಳ್ಳಿಗೆ ಹೋಗಿ ಕೆಲಸ ಮಾಡಿದ್ದನ್ನು, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟಿದ್ದನ್ನು, ಅದೇ ಬಳ್ಳಾರಿ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದದ್ದನ್ನೂ ನೋಡಲಿಲ್ಲ.

ಆ ಹಾಳೆ ನಮ್ಮ ಮನೆಗೂ ಬಂತು

ನಾನು ಯಾಕೆ ಇಷ್ಟೆಲ್ಲ ಹೇಳುತ್ತಿದ್ದೇನೆ ಎಂದರೆ, ನನ್ನ ತಮ್ಮನನ್ನು ನೋಡಿದ ಮೊದಲ ದಿನ ಅಲ್ಲಿನ ಯುವ ವೈದ್ಯೆ ಮಾತ್ರೆ ಬರೆಯಲಿಲ್ಲ. ಒಂದು ಗಂಟೆಗೂ ಹೆಚ್ಚು ಹೊತ್ತು ಚಿಕ್ಕಮ್ಮನ ಹತ್ತಿರ ಪ್ರಶ್ನೆ ಕೇಳಿದರು. ಹೆರಿಗೆ ಹೇಗಾಯಿತು, ಯಾವಾಗ ಮಾತು ಕಲಿತ, ಅಪ್ಪನ ಜೊತೆ ಹೇಗಿದ್ದ, ಅಪಘಾತದ ಸುದ್ದಿಯನ್ನು ಅವನಿಗೆ ಯಾರು ಹೇಳಿದರು, ಆ ದಿನ ಅವನು ಏನು ಮಾಡುತ್ತಿದ್ದ. ಆಮೇಲೆ ಗೊತ್ತಾಯಿತು, ಅವನಿಗೆ ಯಾರೂ ಹೇಳಿರಲೇ ಇಲ್ಲ. ಆಂಬುಲೆನ್ಸ್ ಬಂದಾಗ ಬೀದಿಯಲ್ಲಿ ಆಡುತ್ತಿದ್ದವನು ತಾನೇ ನೋಡಿದ್ದ. ನಾವು ಯಾರೂ ಅದನ್ನು ಕೇಳಿರಲಿಲ್ಲ. ಮೇಯರ್ ಅವರ ವರ್ಷವಾರು ಹಾಳೆಯ ಬಗ್ಗೆ ಓದಿದಾಗ ನನಗೆ ನೆನಪಾದದ್ದು ಈ ಒಂದು ಗಂಟೆ.

ಅವನಿಗೆ ತೀವ್ರ ಖಿನ್ನತೆ, ಆಘಾತದಿಂದ ಬಂದದ್ದು ಎಂದರು. ದಾಖಲು ಮಾಡಬೇಕು, ತಾಯಿ ಜೊತೆಗಿರಬೇಕು ಎಂದರು. ಚಿಕ್ಕಮ್ಮ ಹೆದರಿದ್ದು ಆಗ. ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದಿತ್ತು. ಸೊಪ್ಪು ಹಾಕುವವರು ಯಾರು? ಮಗಳಿಗೆ ನಾಳೆ ಗಂಡು ನೋಡುವಾಗ ಊರವರು ಏನೆನ್ನುತ್ತಾರೆ? ವಾಪಸ್ ಹೋಗೋಣ ಎಂದು ಅವರು ಎದ್ದೇಬಿಟ್ಟರು. ನಾನು ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಹುಳುವಿನ ಚಿಂತೆ ನಮಗೆ ಬಿಡಲಿ ಎಂದರು. ಆ ಬೆಳೆಗೆ ಸೊಪ್ಪು ಕೊಯ್ದವರು ಅಪ್ಪ ಮತ್ತು ನಾನು, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಟ್ಟವರು ಅಜ್ಜಿ ಮತ್ತು ಅಮ್ಮ. ಗೂಡು ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಆದರೆ ಹುಡುಗ ಉಳಿದ.

ತಾಯಿ ಜೊತೆಗಿರುವುದು ವೈದ್ಯರ ಸೌಜನ್ಯ ಮಾತ್ರ ಅಲ್ಲ, ಕಾನೂನು ಕೂಡ ಎಂದು ಆಮೇಲೆ ತಿಳಿಯಿತು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪ್ರಕಾರ 18 ವರ್ಷದೊಳಗಿನವರನ್ನು ದೊಡ್ಡವರಿಂದ ಬೇರೆಯಾಗಿ ಇರಿಸಬೇಕು, ದಾಖಲಾಗಿರುವಷ್ಟು ದಿನವೂ ಅವರ ಕಡೆಯವರೊಬ್ಬರು ಜೊತೆಗಿರಬೇಕು. ಮಕ್ಕಳಿಗೆ ವಿದ್ಯುತ್ ಚಿಕಿತ್ಸೆ ಕೊಡುವಂತಿಲ್ಲ. ತೀರಾ ಅಗತ್ಯವೆಂದು ಮನೋವೈದ್ಯರಿಗೆ ಕಂಡರೂ ಪೋಷಕರ ಒಪ್ಪಿಗೆ ಮತ್ತು ಮಂಡಳಿಯ ಪೂರ್ವಾನುಮತಿ ಎರಡೂ ಬೇಕು. ಕಾರ್ಡಿಯಜಾಲ್ ಕಾಲದಿಂದ ನಾವು ಎಷ್ಟು ದೂರ ಬಂದಿದ್ದೇವೆ ಎಂಬುದಕ್ಕೆ ಈ ಸಾಲುಗಳೇ ಸಾಕ್ಷಿ.

ಮೂರು ವಾರ ಅವನು ಅಲ್ಲಿದ್ದ. ಮಾತ್ರೆ ಇತ್ತು, ಅದಕ್ಕಿಂತ ಹೆಚ್ಚಾಗಿ ಆಟ, ಚಿತ್ರ ಬರೆಯುವುದು, ದಿನಾ ಒಬ್ಬರೇ ಮನಃಶಾಸ್ತ್ರಜ್ಞೆಯ ಜೊತೆ ಕೂರುವುದು ಇತ್ತು. ಹತ್ತನೇ ದಿನವೋ ಹನ್ನೊಂದನೇ ದಿನವೋ ಅವನು ಒಂದು ಲಾರಿ ಬರೆದು ಅದರ ಮೇಲೆ ಕಪ್ಪು ಬಣ್ಣ ಬಳಿದನಂತೆ. ಅವತ್ತು ಸಂಜೆ ಅಮ್ಮನ ಮಡಿಲಲ್ಲಿ ಮಲಗಿ ಅತ್ತನಂತೆ. ಸಮಾಜ ಕಾರ್ಯಕರ್ತರೊಬ್ಬರು ಶಾಲೆಯ ಮೇಷ್ಟ್ರ ಜೊತೆ ಮಾತಾಡಿದರು. ಈಗ ಅವನು ಶಾಲೆಗೆ ಹೋಗುತ್ತಾನೆ. ಎಲ್ಲ ದಿನವೂ ಒಳ್ಳೆಯ ದಿನವಲ್ಲ. ತಿಂಗಳಿಗೊಮ್ಮೆ ತೋರಿಸಲು ಹೋಗುತ್ತೇವೆ. ಈಗ ಚಿಕ್ಕಮ್ಮ ಕಣ್ಣಿನ ಆಸ್ಪತ್ರೆ ಎಂದು ಹೇಳುವುದಿಲ್ಲ.

ನಮಗಿರುವ ಕೆಲಸ

ನಮಗೆ ಅದೃಷ್ಟವಿತ್ತು. ಎರಡು ಬಸ್ ಬದಲಿಸಿದರೆ ನಿಮ್ಹಾನ್ಸ್. ಬೀದರ್‌ನ, ಚಾಮರಾಜನಗರದ ಕಾಡಂಚಿನ ಹುಡುಗನಿಗೆ? ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 2015-16ರ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. ನಲವತ್ತು ಮಕ್ಕಳ ತರಗತಿಯಲ್ಲಿ ಮೂವರು ಎಂದು ಲೆಕ್ಕ ಹಾಕಿ. ನಿಮ್ಮ ಹೈಸ್ಕೂಲ್ ತರಗತಿಯನ್ನು ನೆನಪಿಸಿಕೊಳ್ಳಿ. ಆ ಮೂವರು ಯಾರಿದ್ದರು? ಅವರಲ್ಲಿ ಎಷ್ಟು ಜನ ಹತ್ತನೇ ತರಗತಿ ದಾಟಿದರು?

ದಾರಿ ಇಲ್ಲವೆಂದಲ್ಲ. ಪ್ರತಿ ಜಿಲ್ಲೆಗೂ ಮಾನಸಿಕ ಆರೋಗ್ಯ ತಂಡವಿದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಶುರುವಾದ ಈ ಸೇವೆಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ, ತಂತ್ರಜ್ಞಾನದ ನೆರವು ಬೆಂಗಳೂರಿನ ಐಐಐಟಿಯದು. ಅಂದರೆ ಎಂಜಿನಿಯರುಗಳಿಗೂ ಇಲ್ಲಿ ಕೆಲಸವಿದೆ. ಆದರೂ ಮಕ್ಕಳ ಮನಸ್ಸನ್ನು ಓದಲು ಕಲಿತವರು ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಬಹಳ ಕಡಿಮೆ. ಭೋರ್ ಸಮಿತಿ 1946ರಲ್ಲಿ ಬರೆದ ಕೊರತೆ ಇನ್ನೂ ತುಂಬಿಲ್ಲ.

ಕೆಲಸ ಹುಡುಕುತ್ತಿರುವ ಸ್ನೇಹಿತರಿಗೆ ಒಂದು ಮಾತು. ಬಿ.ಎ.ಯಲ್ಲಿ ಮನಃಶಾಸ್ತ್ರ ತೆಗೆದುಕೊಂಡವರನ್ನು, ಸಮಾಜ ಕಾರ್ಯ ಓದುವವರನ್ನು, ನರ್ಸಿಂಗ್ ಸೇರಿದವರನ್ನು ನಾವು ಎಂಜಿನಿಯರಿಂಗ್ ಹುಡುಗರು ಸ್ವಲ್ಪ ಕೆಳಗಿಟ್ಟು ನೋಡುತ್ತೇವೆ. ನಾನೂ ನೋಡುತ್ತಿದ್ದೆ. ನನ್ನ ತಮ್ಮನನ್ನು ಮಾತಿಗೆ ಎಳೆದು ತಂದವರು ಆ ಮೂರು ಓದಿನವರೇ. ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಆ ಕೆಲಸಗಳ ಹೆಸರು ಇರುವುದಿಲ್ಲ, ಸಂಬಳವೂ ದೊಡ್ಡದಲ್ಲ. ಆದರೆ ತಾಲ್ಲೂಕಿಗೊಬ್ಬರು ಸಿಕ್ಕರೂ ಎಷ್ಟೋ ತಾಯಂದಿರು ಕಣ್ಣಿನ ಆಸ್ಪತ್ರೆಯ ನೆಪ ಹೇಳಬೇಕಾಗುವುದಿಲ್ಲ.

ಹೋದ ತಿಂಗಳು ತಮ್ಮನನ್ನು ಕರೆದುಕೊಂಡು ಹೋಗಿದ್ದಾಗ ಅವನು ಆ ಕಟ್ಟಡದ ಮೇಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ಇವರು ಯಾರಣ್ಣ ಎಂದು ಕೇಳಿದ. ಮೇಷ್ಟ್ರು ಎಂದೆ. ಯಾವ ಸಬ್ಜೆಕ್ಟ್ ಅಂತ ಕೇಳಿದ. ಬಸ್ಸಿಗೆ ಹೊತ್ತಾಗುತ್ತಿತ್ತು, ದಾರಿಯಲ್ಲಿ ಹೇಳುತ್ತೇನೆ ಎಂದು ಕೈ ಹಿಡಿದು ನಡೆದೆ. ಹೊಸಕೋಟೆ ಬರುವವರೆಗೂ ಅವನು ಪ್ರಶ್ನೆ ಕೇಳುತ್ತಲೇ ಇದ್ದ.